ಕುಮುದ್ವತಿಯ ಜಾಡಿನಲ್ಲಿ ಒಂದು ದಿನ

ಬೇಸಿಗೆ ರಜೆ ಬಂತೆಂದರೆ ಮನೆಮನೆಯಲ್ಲೂ ಒಂದೇ ಚರ್ಚೆ: ಈ ಸಲ ಎಲ್ಲಿಗೆ? ಮಕ್ಕಳ ಬಾಯಲ್ಲಿ ಮತ್ತೆ ಮತ್ತೆ ಬರುವ ಹೆಸರು ಕೇರಳದ ದೋಣಿಮನೆ. ಹಗಲೆಲ್ಲ ನೀರಿನ ಮೇಲೆ ತೇಲುತ್ತ, ದೋಣಿಯಲ್ಲೇ ಬೇಯಿಸಿದ್ದನ್ನು ಉಂಡು, ರಾತ್ರಿ ಅಲ್ಲೇ ಮಲಗುವ ಆಸೆ ಯಾರಿಗಿಲ್ಲ? ಆದರೆ ನೆಲಮಂಗಲ ತಾಲ್ಲೂಕಿನ ಸೋಂಪುರದ ಕಡೆಯ ಮಗುವೊಂದು ‘ಅಪ್ಪಾ, ನಮ್ಮ ಕೆರೆಯಲ್ಲಿ ಯಾಕೆ ದೋಣಿ ಇಲ್ಲ?’ ಎಂದು ಕೇಳಿಬಿಟ್ಟರೆ ಉತ್ತರ ಹೇಳುವುದು ಸುಲಭವಲ್ಲ. ಕೆರೆ ಇದೆ, ಏರಿ ಇದೆ, ತೂಬೂ ಇದೆ. ಏಪ್ರಿಲ್ ತಿಂಗಳಲ್ಲಿ ದೋಣಿ ತೇಲುವಷ್ಟು ನೀರು ಮಾತ್ರ ಇರುವುದಿಲ್ಲ.

ಈ ಪ್ರಶ್ನೆಯನ್ನೇ ಬೆನ್ನುಹತ್ತಿ ಹೊರಟರೆ ಒಂದು ದಿನದ ಒಳ್ಳೆಯ ಪ್ರವಾಸವಾಗುತ್ತದೆ. ಅದಕ್ಕೆ ದೂರ ಹೋಗಬೇಕಾಗಿಲ್ಲ. ಸೋಂಪುರ ಹೋಬಳಿಯ ನೆತ್ತಿಯ ಮೇಲೆ ನಿಂತಿರುವ ಶಿವಗಂಗೆ ಬೆಟ್ಟದಲ್ಲಿ ಕುಮುದ್ವತಿ ಎಂಬ ಪುಟ್ಟ ನದಿ ಹುಟ್ಟುತ್ತದೆ. ನೆಲಮಂಗಲ ಸೀಮೆಯ ಹಳ್ಳಿಗಳನ್ನು ಬಳಸಿಕೊಂಡು ತೆಂಕಣಕ್ಕೆ ಹರಿದು, ತಿಪ್ಪಗೊಂಡನಹಳ್ಳಿಯಲ್ಲಿ ಅರ್ಕಾವತಿಯನ್ನು ಸೇರುತ್ತದೆ. ಬೆಳಿಗ್ಗೆ ಹುಟ್ಟನ್ನು ನೋಡಿ, ಸಂಜೆ ಸಂಗಮವನ್ನು ನೋಡಿ ಮನೆಗೆ ಮರಳಬಹುದಾದಷ್ಟು ಚಿಕ್ಕ ನದಿ ಇದು. ಮಕ್ಕಳಿಗೆ ಒಂದು ನದಿಯನ್ನು ಪೂರ್ತಿಯಾಗಿ ತೋರಿಸುವ ಅವಕಾಶ ಎಲ್ಲ ಊರಿನವರಿಗೂ ಸಿಗುವುದಿಲ್ಲ.

ಒಳಕಲ್ಲಿನ ನೀರು

ಬೆಂಗಳೂರಿನಿಂದ ತುಮಕೂರು ರಸ್ತೆಯಲ್ಲಿ ಸುಮಾರು ಐವತ್ತು ಕಿಲೋಮೀಟರ್ ಸಾಗಿದರೆ ದಾಬಸ್‌ಪೇಟೆ. ಇದೇ ಸೋಂಪುರ ಹೋಬಳಿಯ ಪೇಟೆ. ಒಂದು ಕಾಲಕ್ಕೆ ರಾಗಿ, ಹುರುಳಿ ಬೆಳೆಯುತ್ತಿದ್ದ ಹೊಲಗಳ ನಡುವೆ ಈಗ ಸೋಂಪುರ ಕೈಗಾರಿಕಾ ಪ್ರದೇಶದ ಶೆಡ್ಡುಗಳು ಎದ್ದಿವೆ. ಹೆದ್ದಾರಿಯಲ್ಲಿ ಲಾರಿಗಳ ಸಾಲು ಕರಗುವುದೇ ಇಲ್ಲ. ಆ ಗದ್ದಲದಿಂದ ಏಳೆಂಟು ಕಿಲೋಮೀಟರ್ ಒಳಗೆ ಹೋದರೆ ಶಿವಗಂಗೆ. ಸಮುದ್ರಮಟ್ಟದಿಂದ ಸುಮಾರು ನಾಲ್ಕೂವರೆ ಸಾವಿರ ಅಡಿ ಎತ್ತರದ, ಬರೀ ಬಂಡೆಯೇ ಆದ ಬೆಟ್ಟ. ಹೊಯ್ಸಳರ ರಾಣಿ ಶಾಂತಲೆ 1131ರಲ್ಲಿ ದೇಹ ಬಿಟ್ಟದ್ದು ಇಲ್ಲಿಯೇ ಎಂದು ಇತಿಹಾಸ ಹೇಳುತ್ತದೆ.

ಗಂಗಾಧರೇಶ್ವರನ ಗುಡಿ ದಾಟಿ ಮೆಟ್ಟಿಲು ಹತ್ತುವಾಗ ಒಳಕಲ್ಲು ತೀರ್ಥ ಸಿಗುತ್ತದೆ. ಬಂಡೆಯಲ್ಲಿ ಒರಳಿನಂಥ ಒಂದು ಕುಳಿ. ಕೈ ಇಳಿಬಿಟ್ಟಾಗ ನೀರು ಸಿಕ್ಕರೆ ಅವರು ಪುಣ್ಯವಂತರು ಎಂಬುದು ನಂಬಿಕೆ. ಸಿಕ್ಕವರ ಮುಖದ ಸಂತೋಷವನ್ನೂ, ಸಿಗದವರು ಮತ್ತೊಮ್ಮೆ ತೋಳು ಮಡಿಸಿ ಪ್ರಯತ್ನಿಸುವುದನ್ನೂ ನೋಡುತ್ತ ನಿಂತರೆ ಹೊತ್ತು ಹೋದದ್ದೇ ತಿಳಿಯದು. ವಿಜ್ಞಾನ ಓದುವ ಮಕ್ಕಳಿಗೆ ಇಲ್ಲಿ ಇನ್ನೊಂದು ಪಾಠವಿದೆ. ಇಂಥ ಬಂಡೆ ಸ್ಪಂಜಿನಂತೆ ನೀರು ಹೀರುವುದಿಲ್ಲ. ಮಳೆಯ ನೀರು ಅದರ ಬಿರುಕುಗಳಲ್ಲಿ ಇಳಿದು, ಸೀಳುಗಳಲ್ಲಿ ಕೂಡಿಟ್ಟುಕೊಂಡು, ನಿಧಾನವಾಗಿ ಒಸರುತ್ತದೆ. ಬೆಟ್ಟದ ಬುಡದಲ್ಲಿ, ಹಳ್ಳದ ದಂಡೆಯಲ್ಲಿ, ಹೊಲದ ಬದುವಿನಲ್ಲಿ ಹೊರಬರುವ ಈ ಒಸರು ಎಲ್ಲರ ಪಾಲಿನ ತೀರ್ಥ. ಪಕ್ಕದ ತುಮಕೂರು ಸೀಮೆಯಲ್ಲಿ ಇದಕ್ಕೆ ‘ತಲಪರಿಗೆ’ ಎಂಬ ಚೆಂದದ ಹೆಸರಿದೆ. ಮಳೆ ನಿಂತ ಮೇಲೂ ತಿಂಗಳುಗಟ್ಟಲೆ ಹಳ್ಳ ಹರಿಯುತ್ತಿದ್ದುದು ಇಂಥ ಒರತೆಗಳ ಬಲದಿಂದ.

ಕೆರೆಯಿಂದ ಕೆರೆಗೆ

ಬೆಟ್ಟ ಇಳಿದರೆ ಕೆರೆಗಳ ನಾಡು. ಕುಮುದ್ವತಿಯ ಬಯಲಿನಲ್ಲಿ ಕೆರೆಗಳು ಬಿಡಿಬಿಡಿಯಾಗಿ ಇಲ್ಲ. ಸರದ ಮಣಿಗಳಂತೆ ಒಂದಕ್ಕೊಂದು ಪೋಣಿಸಿಕೊಂಡಿವೆ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಕಾಲುವೆಯಲ್ಲಿ ಹರಿದು ಕೆಳಗಿನ ಕೆರೆಗೆ ಬರುತ್ತದೆ. ತೂಬಿನಿಂದ ಬಿಟ್ಟ ನೀರು ಗದ್ದೆಗೆ. ಯಾವ ಗದ್ದೆಗೆ ಯಾವಾಗ, ಎಷ್ಟು ಹೊತ್ತು ಎಂದು ನೋಡಿಕೊಳ್ಳಲು ಊರಿಗೊಬ್ಬ ನೀರಗಂಟಿ. ಕೋಡಿ ಬಿದ್ದ ದಿನ ಊರಿಗೆ ಹಬ್ಬ. ಹೆಂಗಸರು ಕೆರೆಗೆ ಬಾಗಿನ ಬಿಡುತ್ತಾರೆ. ನಮ್ಮ ಬಯಲುಸೀಮೆಯ ಕೆರೆಗಳಲ್ಲಿ ದೋಣಿ ಇರಲಿಲ್ಲ ಎನ್ನುವಂತಿಲ್ಲ. ಮೀನು ಹಿಡಿಯುವವರ ಹರಿಗೋಲು ಇತ್ತು. ದೇವರನ್ನು ಕೂರಿಸಿಕೊಂಡು ತೇಲುವ ತೆಪ್ಪ ಇತ್ತು. ಕೆರೆ ತುಂಬಿದ ವರ್ಷ ತೆಪ್ಪೋತ್ಸವ. ತುಂಬದಿದ್ದರೆ ದೇವರಿಗೂ ವಿಹಾರವಿಲ್ಲ!

ಏರಿಯ ಮೇಲೆ ನಡೆಯುವಾಗ ಮಕ್ಕಳಿಗೆ ತೂಬಿನ ಕಲ್ಲುಗಳನ್ನು ತೋರಿಸಬೇಕು. ನೀರು ಹಿಂದೆ ಎಲ್ಲಿಯವರೆಗೆ ನಿಂತಿತ್ತು ಎಂಬುದಕ್ಕೆ ಕಲ್ಲಿನ ಮೇಲಿನ ಗೆರೆಗಳೇ ಸಾಕ್ಷಿ. ಆ ಗೆರೆಗೂ ಇಂದಿನ ನೀರಿಗೂ ಎಷ್ಟು ಅಂತರ ಎಂದು ಅಂದಾಜು ಮಾಡಲು ಹೇಳಬೇಕು. ಆಮೇಲೆ ಕೆರೆಗೆ ನೀರು ತರುವ ಕಾಲುವೆ ಎಲ್ಲಿದೆ ಎಂದು ಹುಡುಕಲು ಹೇಳಬೇಕು. ಕೆಲವೆಡೆ ಅದು ಸಿಗುತ್ತದೆ. ಕೆಲವೆಡೆ ರಸ್ತೆಯ ಮಣ್ಣಿನಡಿಯಲ್ಲೋ, ಬಡಾವಣೆಯ ಸೈಟುಗಳ ನಡುವೆಯೋ ಮಾಯವಾಗಿರುತ್ತದೆ.

ಎರಡು ನದಿ ಕೂಡುವಲ್ಲಿ

ಮಧ್ಯಾಹ್ನದ ಬುತ್ತಿ ಮುಗಿಸಿ ಮಾಗಡಿ ರಸ್ತೆಯ ಕಡೆ ಹೊರಳಿದರೆ ತಿಪ್ಪಗೊಂಡನಹಳ್ಳಿ ಜಲಾಶಯ, ಅಂದರೆ ಚಾಮರಾಜಸಾಗರ. ಇದರ ಕಥೆ ತಿಳಿಯಲು ಮೊದಲು ಹೆಸರಘಟ್ಟದ ಕಥೆ ತಿಳಿಯಬೇಕು. ನಂದಿಬೆಟ್ಟದ ಕಡೆಯಿಂದ ಬರುವ ಅರ್ಕಾವತಿಗೆ ಹೆಸರಘಟ್ಟದಲ್ಲಿ ಇದ್ದ ಹಳೆಯ ಕೆರೆಯನ್ನು ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ದೊಡ್ಡದು ಮಾಡಿ, ಅಲ್ಲಿಂದ ಬೆಂಗಳೂರಿಗೆ ನೀರು ತರಲಾಯಿತು. 1896ರಲ್ಲಿ ಈ ನೀರು ನಗರವನ್ನು ಮುಟ್ಟಿತು. ಸೋಲದೇವನಹಳ್ಳಿಯಲ್ಲಿ ಉಗಿಯಂತ್ರಗಳು ಅದನ್ನು ಮೇಲೆತ್ತುತ್ತಿದ್ದವು. ಬೆಂಗಳೂರಿನ ಮೊದಲ ನಲ್ಲಿ ನೀರು ಅದು.

ಮೂವತ್ತು ವರ್ಷ ಕಳೆಯುವುದರೊಳಗೆ, 1925ರ ಸುಮಾರಿಗೆ, ಮಳೆ ಕೈಕೊಟ್ಟು ಹೆಸರಘಟ್ಟ ಬತ್ತಿತು. ಆಗ ಸರ್ ಎಂ. ವಿಶ್ವೇಶ್ವರಯ್ಯನವರ ಸಲಹೆಯಂತೆ ಇನ್ನೂ ಕೆಳಗೆ, ಕುಮುದ್ವತಿಯೂ ಬಂದು ಕೂಡುವ ಜಾಗದಲ್ಲಿ, ಹೊಸ ಅಣೆಕಟ್ಟೆ ಎದ್ದಿತು. ಅದೇ ತಿಪ್ಪಗೊಂಡನಹಳ್ಳಿ, 1933ರಿಂದ ನಗರದ ನೀರಿನ ಆಧಾರ. ಜಲಾಶಯ ತುಂಬಿದಾಗ ನೀರಿನ ಮಟ್ಟ 74 ಅಡಿ. ನಗರದ ಹಳೆಯ ಬಡಾವಣೆಗಳಲ್ಲಿ ಎಷ್ಟೋ ಮಂದಿ ಕುಡಿದು ಬೆಳೆದದ್ದು ಶಿವಗಂಗೆಯ ಮಳೆಯ ನೀರನ್ನೇ ಎಂದು ಹೇಳಿದರೆ ಮಕ್ಕಳು ಬೆರಗಾಗುತ್ತಾರೆ.

ನಗರದ ಬಾಯಾರಿಕೆ ಅಲ್ಲಿಗೂ ತಣಿಯಲಿಲ್ಲ. 1974ರಲ್ಲಿ ಕಾವೇರಿಯ ನೀರು ಬಂತು. ಸುಮಾರು ನೂರು ಕಿಲೋಮೀಟರ್ ದೂರದಿಂದ, ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ ಪಂಪು ಮಾಡಿ. ಅದರ ಐದನೆಯ ಹಂತ 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಯಿತು. ಇತ್ತ ತಿಪ್ಪಗೊಂಡನಹಳ್ಳಿಗೆ ಬರುವ ನೀರು ವರ್ಷದಿಂದ ವರ್ಷಕ್ಕೆ ಇಳಿಯಿತು, ಬಂದದ್ದೂ ಕೆಟ್ಟಿತು. 2012ರ ಕೊನೆಯ ಹೊತ್ತಿಗೆ ಜಲಮಂಡಳಿ ಅಲ್ಲಿಂದ ನೀರೆತ್ತುವುದನ್ನೇ ನಿಲ್ಲಿಸಿತು. ಜಲಾಶಯವನ್ನು ಮತ್ತೆ ಬಳಕೆಗೆ ತರುವ ಕಾಮಗಾರಿ ಶುರುವಾದದ್ದು ಆಮೇಲೆ. ನೀರಿನ ಮಟ್ಟ ಇಳಿದಾಗಲೆಲ್ಲ ನಗರ ಇನ್ನಷ್ಟು ದೂರಕ್ಕೆ ಕೈ ಚಾಚಿತು. ದೂರ ಹೋಗಲಾರದವರು ಹತ್ತಿರದ ಕೆರೆಯನ್ನೇ ನಂಬಿದ ಹಳ್ಳಿಯವರು.

ನೀರಿಳಿದಾಗ ದೋಣಿ

ಹಾಗಾದರೆ ಕೇರಳದ ದೋಣಿಮನೆಗಳು ಬೇಸಿಗೆಯಲ್ಲೂ ಹೇಗೆ ತೇಲುತ್ತವೆ? ಮಕ್ಕಳು ಕೇಳಲೇಬೇಕಾದ ಪ್ರಶ್ನೆ ಇದು. ಅಲ್ಲಿನ ‘ಕೆಟ್ಟುವಳ್ಳಂ’ ಮೊದಲು ಭತ್ತ ಸಾಗಿಸುವ ದೋಣಿಯಾಗಿತ್ತು. ಹಲಗೆಗಳನ್ನು ಮೊಳೆ ಹೊಡೆಯದೆ ತೆಂಗಿನ ನಾರಿನ ಹಗ್ಗದಿಂದ ಹೊಲಿದು ಮಾಡಿದ ದೋಣಿ. ರಸ್ತೆಗಳು ಬಂದು ಅದಕ್ಕೆ ಕೆಲಸ ತಪ್ಪಿದ ಮೇಲೆ, 1990ರ ದಶಕದಲ್ಲಿ ಅದು ಪ್ರವಾಸಿಗರ ಮನೆಯಾಯಿತು. ಅದು ತೇಲುವ ವೇಂಬನಾಡ್ ಸರೋವರ ಇರುವುದು ಸಮುದ್ರದ ಮಟ್ಟದಲ್ಲಿ. ಕಡಲಿನ ಜೊತೆ ಕೂಡಿಕೊಂಡಿರುವ ನೀರು ಅದು. ಮಳೆ ತಡವಾದರೂ ತಳ ಕಾಣುವುದಿಲ್ಲ. ಸೋಂಪುರದ ಕೆರೆಗಳಿಗೆ ಅಂಥ ಆಸರೆ ಯಾವುದೂ ಇಲ್ಲ. ಆಕಾಶ ಕೊಟ್ಟದ್ದು, ಭೂಮಿ ಒಸರಿದ್ದು, ಅಷ್ಟೇ.

ಆಕಾಶವನ್ನೇ ನಂಬಿದ ದೊಡ್ಡ ಜಲಾಶಯಗಳ ಪಾಡೂ ಇದೇ. ಸಾಗರ ತಾಲ್ಲೂಕಿನಲ್ಲಿ ಶರಾವತಿಯ ಹಿನ್ನೀರು ದಾಟಿ ಸಿಗಂದೂರಿಗೆ ಹೋಗಲು ದಶಕಗಳ ಕಾಲ ಲಾಂಚೇ ಗತಿಯಾಗಿತ್ತು. ಲಿಂಗನಮಕ್ಕಿ ಜಲಾಶಯದ ಪೂರ್ಣ ಮಟ್ಟ 1819 ಅಡಿ. ಮಳೆ ತಡವಾಗಿ ನೀರು ತೀರಾ ಇಳಿದಾಗ ದಡ ದೂರ ಸರಿಯುತ್ತದೆ, ಲಾಂಚಿನ ತಳ ನೆಲಕ್ಕೆ ತಾಗುವ ಭಯ ಹುಟ್ಟುತ್ತದೆ. 2023ರ ಜೂನ್‌ನಲ್ಲಿ ಹೀಗಾಗಿ ಲಾಂಚಿನಲ್ಲಿ ವಾಹನ ಸಾಗಿಸುವುದನ್ನು ನಿಲ್ಲಿಸಬೇಕಾಯಿತು. ಪ್ರವಾಸಿಗರಿಗೆ ಅದು ಒಂದು ದಿನದ ನಿರಾಸೆ. ಆಚೆ ದಡದ ಊರಿನವರಿಗೆ ಆಸ್ಪತ್ರೆ, ಶಾಲೆ, ಸಂತೆಯ ಪ್ರಶ್ನೆ. 2025ರ ಜುಲೈನಲ್ಲಿ ಅಲ್ಲಿ ಸೇತುವೆ ತೆರೆದ ಮೇಲೆ ಆ ಕಷ್ಟ ತೀರಿತು. ಕೆರೆಯ ನೀರು ಇಳಿದ ಊರಿಗೆ ಮಾತ್ರ ಇಂಥ ಸೇತುವೆ ಕಟ್ಟಲು ಬರುವುದಿಲ್ಲ.

ಮಳೆ ಕಡಿಮೆಯಾಯಿತೇ?

‘ಈಗೆಲ್ಲ ಮಳೆ ಎಲ್ಲಿದೆ?’ ಎಂದು ಹಿರಿಯರು ಹೇಳುವುದುಂಟು. ಅರ್ಕಾವತಿ ಯಾಕೆ ಬತ್ತುತ್ತಿದೆ ಎಂದು ಬೆಂಗಳೂರಿನ ‘ಏಟ್ರೀ’ ಸಂಸ್ಥೆಯ ಸಂಶೋಧಕರು ಮತ್ತು ಸಂಗಡಿಗರು ತಿಪ್ಪಗೊಂಡನಹಳ್ಳಿಯ ಜಲಾನಯನ ಪ್ರದೇಶವನ್ನೇ ಆರಿಸಿಕೊಂಡು ಅಧ್ಯಯನ ಮಾಡಿದರು. 2015ರಲ್ಲಿ ಪ್ರಕಟವಾದ ಅವರ ಬರಹದ ಸಾರಾಂಶ ಯೋಚನೆಗೆ ಹಚ್ಚುವಂಥದು. ನದಿ ಬತ್ತಿದ್ದಕ್ಕೆ ಮಳೆಯ ಕೊರತೆ ಕಾರಣವೆಂದು ಹೇಳಲಾಗದು. ಬಲವಾದ ಕಾರಣಗಳು ಎರಡು. ಒಂದು, ಕೊಳವೆಬಾವಿಗಳಿಂದ ಅಂತರ್ಜಲವನ್ನು ಮಿತಿಮೀರಿ ಎತ್ತಿದ್ದು. ಇನ್ನೊಂದು, ಹೊಲಗಳಲ್ಲಿ ಬೆಳೆಸಿದ ನೀಲಗಿರಿ ತೋಪುಗಳು.

ಇದು ಹೇಗೆ ಎಂದು ಒಳಕಲ್ಲು ತೀರ್ಥ ನೋಡಿ ಬಂದ ಮಕ್ಕಳಿಗೆ ವಿವರಿಸುವುದು ಕಷ್ಟವಲ್ಲ. ಬಂಡೆಯ ಸೀಳಿನಲ್ಲಿದ್ದ ನೀರು ಮೇಲೆ ಇದ್ದಷ್ಟು ದಿನ ಹಳ್ಳಕ್ಕೆ ಒಸರುತ್ತಿತ್ತು. ಕೊಳವೆಬಾವಿ ನೂರು, ಇನ್ನೂರು, ಐನೂರು ಅಡಿ ಇಳಿದಂತೆ ಆ ನೀರಿನ ಮಟ್ಟವೂ ಕೆಳಗಿಳಿಯಿತು. ಒರತೆ ನಿಂತಿತು. ಬಿದ್ದ ಮಳೆಯನ್ನು ಒಣಗಿದ ನೆಲವೇ ಮೊದಲು ಕುಡಿಯುತ್ತದೆ. ಹಳ್ಳದವರೆಗೆ ಬರಲು ಏನೂ ಉಳಿಯುವುದಿಲ್ಲ. ಆಳಕ್ಕೆ ಬೇರು ಬಿಡುವ ನೀಲಗಿರಿ, ಮಣ್ಣಿನ ತೇವವನ್ನು ವರ್ಷವಿಡೀ ಹೀರುತ್ತದೆ. ಹಾಗೆಂದು ನೀಲಗಿರಿ ನೆಟ್ಟ ರೈತನನ್ನು ದೂರುವುದು ನ್ಯಾಯವಲ್ಲ. ಕೂಲಿ ಆಳು ಸಿಗದ, ರಾಗಿಗೆ ಬೆಲೆ ಬಾರದ ಕಾಲದಲ್ಲಿ ಅದು ಅವನಿಗೆ ಕಂಡ ದಾರಿ. 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಅದಕ್ಕೂ ಮೊದಲು, 2003ರಲ್ಲಿ, ತಿಪ್ಪಗೊಂಡನಹಳ್ಳಿಯ ಜಲಾನಯನ ಪ್ರದೇಶವನ್ನು ಕಾಪಾಡಲು ಕಟ್ಟಡ, ಕಾರ್ಖಾನೆಗಳ ಮೇಲೆ ನಿರ್ಬಂಧ ಹಾಕುವ ಆದೇಶ ಹೊರಟಿತ್ತು. ಕುಮುದ್ವತಿಯ ಉದ್ದಕ್ಕೂ ಇಂಗುಗುಂಡಿ ತೋಡುವ, ಹಳೆಯ ಕಲ್ಯಾಣಿಗಳ ಹೂಳೆತ್ತುವ ಕೆಲಸವೂ ಈಚಿನ ವರ್ಷಗಳಲ್ಲಿ ನಡೆದಿದೆ.

ಮನೆಗೆ ಬಂದ ಮೇಲೆ ಮಕ್ಕಳು ಒಂದು ಲೆಕ್ಕ ಮಾಡಬಹುದು. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಮೂವತ್ತು-ನಲವತ್ತರ ಸೈಟಿನಲ್ಲಿ ಪೂರ್ತಿ ಕಟ್ಟಿದ ಮನೆಯ ತಾರಸಿ ಸುಮಾರು 111 ಚದರ ಮೀಟರ್. ವರ್ಷಕ್ಕೆ 800 ಮಿಲಿಮೀಟರ್ ಮಳೆ ಎಂದಿಟ್ಟುಕೊಂಡರೆ ಆ ಒಂದು ತಾರಸಿಯ ಮೇಲೆ ಬೀಳುವುದು 88 ಸಾವಿರ ಲೀಟರಿಗೂ ಹೆಚ್ಚು. ಅದು ಚರಂಡಿಗೆ ಹೋಗುತ್ತಿದೆಯೋ, ತೊಟ್ಟಿಗೆ ಹೋಗುತ್ತಿದೆಯೋ, ಬಾವಿಗೆ ಇಂಗುತ್ತಿದೆಯೋ? ಶಾಲೆಯ ಕಟ್ಟಡಕ್ಕೂ ಇದೇ ಲೆಕ್ಕ ಹಾಕಿ ನೋಡಲಿ. ಊರಿನ ಕೆರೆಯ ತೂಬಿನ ಕಲ್ಲಿನ ಮೇಲೆ ಅಡಿಗಳ ಗುರುತು ಹಾಕಿ, ತಿಂಗಳಿಗೊಮ್ಮೆ ನೀರಿನ ಮಟ್ಟ ಬರೆದಿಟ್ಟರೆ, ಐದು ವರ್ಷದಲ್ಲಿ ಯಾವ ಕಚೇರಿಯಲ್ಲೂ ಸಿಗದ ಒಂದು ದಾಖಲೆ ಶಾಲೆಯ ಬೀರುವಿನಲ್ಲಿ ಇರುತ್ತದೆ.

ಹೋಗುವ ಮುನ್ನ

ದಾಬಸ್‌ಪೇಟೆಗೆ ಬೆಂಗಳೂರು, ತುಮಕೂರುಗಳಿಂದ ಬಸ್ಸುಗಳು ಹೇರಳ. ರೈಲಿನಲ್ಲಿ ಬರುವವರಿಗೆ ನಿಡವಂದ ನಿಲ್ದಾಣ ಹತ್ತಿರ. ಶಿವಗಂಗೆ ಹತ್ತುವುದು ಬಿಸಿಲೇರುವ ಮುಂಚೆಯೇ ಆಗಬೇಕು. ಕುಡಿಯುವ ನೀರು ಜೊತೆಗಿರಲಿ. ಮಂಗಗಳಿರುವುದರಿಂದ ತಿಂಡಿಯ ಚೀಲ ಭದ್ರವಾಗಿರಲಿ. ತಿಪ್ಪಗೊಂಡನಹಳ್ಳಿ ಕುಡಿಯುವ ನೀರಿಗಾಗಿ ಕಟ್ಟಿದ ಜಲಾಶಯ. ಅಣೆಕಟ್ಟೆಯ ಹತ್ತಿರ ಹೋಗುವ ಮುನ್ನ ಅನುಮತಿ ಕೇಳಿಕೊಳ್ಳುವುದು ಒಳ್ಳೆಯದು.

ತಂದೆತಾಯಿಗಳು ಮರೆಯಬಾರದ ಮಾತು ಇನ್ನೊಂದಿದೆ. ನೀರು ಕಡಿಮೆಯಿದೆ ಎಂದು ಮಕ್ಕಳನ್ನು ಕೆರೆಗೆ, ಜಲಾಶಯಕ್ಕೆ ಇಳಿಯಲು ಬಿಡಬಾರದು. ನೀರಿಳಿದ ಕೆರೆಯ ಅಂಚಿನಲ್ಲಿ ಮೇಲೆ ಒಣಗಿ ಬಿರುಕು ಬಿಟ್ಟ ಮಣ್ಣು ಕಂಡರೂ ಕೆಳಗೆ ಸೊಂಟದವರೆಗೆ ಹುದುಗುವ ಹೂಳು ಇರಬಹುದು. ಮಣ್ಣು ತೆಗೆದ ಗುಂಡಿಗಳು ನೀರಿನಡಿ ಕಾಣುವುದಿಲ್ಲ. ದಡದಲ್ಲಿ ನಿಂತು ನೋಡಿದರೆ ಸಾಕು.

ದೋಣಿಮನೆಯ ಪ್ರವಾಸ ಬೇಡವೆಂದಲ್ಲ. ಕೈಯಲ್ಲಿ ಕಾಸಿದ್ದಾಗ ಖಂಡಿತ ಹೋಗಿಬರಬಹುದು. ಆದರೆ ಅಲ್ಲಿ ತುಂಬಿದ ನೀರನ್ನು ನೋಡುವ ಕಣ್ಣಿಗೆ ಇಲ್ಲಿ ಇಳಿದ ನೀರಿನ ಗೆರೆಯನ್ನು ಓದುವುದೂ ಗೊತ್ತಿರಬೇಕು. 2022ರ ಭಾರಿ ಮಳೆಯಲ್ಲಿ ಹೆಸರಘಟ್ಟಕ್ಕೆ ಎಷ್ಟೋ ವರ್ಷಗಳ ನಂತರ ನೀರು ಹರಿದು ಬಂದಾಗ ಜನ ಗುಂಪುಗುಂಪಾಗಿ ಹೋಗಿ ನೋಡಿದರು. ಕೆರೆಗೆ ನೀರು ಬರುವುದನ್ನು ನೋಡಲು ಜನ ಇನ್ನೂ ಹೋಗುತ್ತಾರೆ. ಆ ನೀರು ಬರುವ ದಾರಿಯನ್ನು ತೆರೆದಿಡುವ ಕೆಲಸ ಮಳೆಗಾಲ ಬರುವ ಮೊದಲೇ ಆಗಬೇಕು.