ತೊಂಬತ್ತು, ತೊಂಬತ್ತು, ನೂರಿಪ್ಪತ್ತು

ಜಯನಗರ

ಪ್ರೀತಿಯ ಪುಟ್ಟಿ,

ಅಪ್ಪನ ಮಂಡಿನೋವು ಕಡಿಮೆಯಾಗಿದೆ. 2025ರ ಆಗಸ್ಟ್‌ನಲ್ಲಿ ಹಳದಿ ಮೆಟ್ರೋ ಶುರುವಾದದ್ದೇ ನೆಪ, ಕೆಲಸವಿರಲಿ ಬಿಡಲಿ, ಆರ್.ವಿ. ರೋಡಿನಿಂದ ಬೊಮ್ಮಸಂದ್ರದವರೆಗೆ ಹೋಗಿ ಬರುತ್ತಾರೆ.

ಡ್ರೋನಿನ ಯಾ, ಪಿಚ್, ರೋಲ್ ಕೋನಗಳಿಗೆ ಹೊಸ ಕೋನಗಳನ್ನು ಕೂಡಿಸಿದರೆ ಮೂತಿ ಎಲ್ಲೋ ತಿರುಗುತ್ತದೆ ಅಂತ ಫೋನಿನಲ್ಲಿ ಗೋಳಾಡಿದೆಯಲ್ಲ, ಅದೇ ತಲೆಯಲ್ಲಿ ಕೂತಿದೆ. ಗಣಿತ ಪಾಠ ಮಾಡಿ ರಿಟೈರ್ ಆದವಳನ್ನು ಕೆಣಕಿದೆ, ಅನುಭವಿಸು!

ನಮ್ಮ ಮೇನು, ಕ್ರಾಸುಗಳಲ್ಲಿ ಎಷ್ಟು ಸಲ ಎಡಕ್ಕೆ, ಎಷ್ಟು ಸಲ ಬಲಕ್ಕೆ ಹೊರಳಿದೆ ಅಂತ ಎಣಿಸಿದರೆ ಸಾಕು, ಮುಖ ಯಾವ ಕಡೆಗಿದೆ ಅಂತ ಹೇಳಬಹುದು. ಯಾವುದು ಮೊದಲು ಅನ್ನುವುದು ಬೇಕಿಲ್ಲ, ಯಾಕೆಂದರೆ ನೆಲದ ಮೇಲೆ ತಿರುಗುವುದಕ್ಕೆ ಇರುವುದು ಒಂದೇ ಅಕ್ಷ. ಹಾರುವುದಕ್ಕೆ ಮೂರು: ಮೂತಿ ಪಕ್ಕಕ್ಕೆ ತಿರುಗುವ ಯಾ, ಮೇಲೆ ಕೆಳಗಾಗುವ ಪಿಚ್, ಮಗ್ಗುಲಿಗೆ ವಾಲುವ ರೋಲ್.

ಒಂದು ಪುಸ್ತಕ ತಗೋ. ಮುಖಪುಟ ಮೇಲಿರಲಿ, ತಲೆ ನಿನ್ನಿಂದ ಆಚೆಗಿರಲಿ. ಆಚೆಯ ಅಂಚನ್ನು ಎತ್ತಿ ನೆಟ್ಟಗೆ ನಿಲ್ಲಿಸು. ಆಮೇಲೆ ಮೇಲಿನಿಂದ ನೋಡಿದಂತೆ ಅಪ್ರದಕ್ಷಿಣೆಯಾಗಿ ಕಾಲು ಸುತ್ತು ತಿರುಗಿಸು. ಮುಖಪುಟ ನಿನ್ನ ಬಲಕ್ಕೆ ನೋಡುತ್ತಾ ನಿಲ್ಲುತ್ತದೆ. ಮತ್ತೆ ಮಲಗಿಸು. ಈ ಸಲ ಮೊದಲು ಕಾಲು ಸುತ್ತು, ಆಮೇಲೆ ಆಚೆಯ ಅಂಚು ಎತ್ತುವುದು. ಈಗ ಮುಖಪುಟ ನಿನ್ನನ್ನೇ ನೋಡುತ್ತದೆ, ತಲೆ ಎಡಕ್ಕೆ ವಾಲಿ ಮಲಗಿರುತ್ತದೆ.

ಇನ್ನೂ ಸೋಜಿಗ ಕೇಳು. 90ಕ್ಕೆ 90 ಸೇರಿ 180 ಆಗಲೇ ಇಲ್ಲ. ಎರಡು ಸಲವೂ ಒಟ್ಟಾರೆ ಆದದ್ದು ಓರೆಯಾದ ಒಂದು ಅಕ್ಷದ ಸುತ್ತ 120 ಡಿಗ್ರಿ. ಅಕ್ಷ ಮಾತ್ರ ಬೇರೆ ಬೇರೆ. ಎಷ್ಟು ತಿರುವು ಸೇರಿದರೂ ಅದು ಒಂದೇ ಅಕ್ಷದ ಒಂದೇ ತಿರುವು ಅಂತ ಆಯ್ಲರ್ 18ನೇ ಶತಮಾನದಲ್ಲೇ ತೋರಿಸಿದ್ದ. ಆದ್ದರಿಂದ ಕೋನಗಳನ್ನು ಕೂಡಿಸಬೇಡ. ಪ್ರತಿ ತಿರುವನ್ನೂ ಮ್ಯಾಟ್ರಿಕ್ಸ್ ಮಾಡಿ ಗುಣಿಸು, ಕೊನೆಗೆ ಬೇಕಿದ್ದರೆ ಮೂರು ಕೋನ ಬಿಡಿಸಿಕೋ.

ನನಗಂತೂ ಹ್ಯಾಮಿಲ್ಟನ್‌ನ ಕ್ವಾಟರ್ನಿಯನ್ನೇ ಇಷ್ಟ: ಮ್ಯಾಟ್ರಿಕ್ಸಿನ ಒಂಬತ್ತರ ಬದಲು ನಾಲ್ಕೇ ಸಂಖ್ಯೆ. 1843ರ ಅಕ್ಟೋಬರ್ 16ರಂದು ಡಬ್ಲಿನ್‌ನಲ್ಲಿ ಹೆಂಡತಿಯ ಜೊತೆ ಕಾಲುವೆಯ ಪಕ್ಕ ನಡೆಯುತ್ತಿದ್ದಾಗ ಹೊಳೆದ ಸೂತ್ರವನ್ನು ಅಲ್ಲೇ ಸೇತುವೆಯ ಕಲ್ಲಿನಲ್ಲಿ ಕೆತ್ತಿದನಂತೆ. ಆಕೆ ಏನಂದಳೋ! ಕ್ವಾಟರ್ನಿಯನ್ನಿನಲ್ಲಿ ಬರುವುದು ಅರ್ಧ ಕೋನಗಳು. ನಮ್ಮ ಪುಸ್ತಕಕ್ಕೆ 45ರ ಕೊಸೈನನ್ನು ಅದರಿಂದಲೇ ಗುಣಿಸಿದರೆ ಅರ್ಧ ಬರುತ್ತದೆ. ಅದು 60ರ ಕೊಸೈನ್, ಇಮ್ಮಡಿಸಿದರೆ 120.

ಮೂರು ಕೋನಗಳಿಗೆ ಇನ್ನೊಂದು ರೋಗವಿದೆ. ಮೂತಿ ನೆಟ್ಟಗೆ ಮೇಲಕ್ಕಾಗಿ ಪಿಚ್ 90 ಆದರೆ ಯಾ ಎಷ್ಟು, ರೋಲ್ ಎಷ್ಟು ಅಂತ ಬಿಡಿಸಲು ಬರುವುದಿಲ್ಲ. 2023ರ ಆಗಸ್ಟ್ 23ರ ಸಂಜೆ ನೆನಪಿದೆಯಾ? ಚಂದ್ರನ ಮೇಲೆ ಇಳಿಯಲು ಅಡ್ಡಡ್ಡ ಧಾವಿಸುತ್ತಿದ್ದ ವಿಕ್ರಮ ನೌಕೆ ನೆಟ್ಟಗಾಗುವಾಗ ಟೀವಿಯಲ್ಲಿ ಪೀಣ್ಯದ ಇಸ್ರೋ ಕೋಣೆಯನ್ನೇ ನೋಡುತ್ತಾ ನೀನು ನನ್ನ ಕೈ ಹಿಂಡಿದ್ದೆ. ಗಗನನೌಕೆಗಳಲ್ಲಿ ಸಾಮಾನ್ಯವಾಗಿ ಕ್ವಾಟರ್ನಿಯನ್ ಬಳಸುವುದು ಈ ರೋಗ ಅದಕ್ಕೆ ತಗಲುವುದಿಲ್ಲ ಅಂತಲೇ.

ಕೊನೆಗೊಂದು ಮಾತು. ಆಟೋದವನಿಗೆ ನೀನು ‘ರೈಟ್’ ಅಂದರೆ ಅದು ಆಟೋದ ಬಲ; ನಿನ್ನಜ್ಜ ‘ಬನಶಂಕರಿ ಕಡೆಗೆ’ ಅನ್ನುತ್ತಿದ್ದರು, ಆಟೋ ಹೇಗೆ ನಿಂತರೂ ಅದು ಬದಲಾಗದು. ನೀನು ತಿರುಗಿಸುವುದು ಡ್ರೋನಿನ ಅಕ್ಷದ ಸುತ್ತಲೋ, ನೆಲದ ಅಕ್ಷದ ಸುತ್ತಲೋ? ಒಂದರ ಗುಣಿಸುವ ಕ್ರಮ ಇನ್ನೊಂದಕ್ಕೆ ತಿರುವುಮುರುವು. ಕೋಡಿನ ಮೊದಲ ಸಾಲಿನಲ್ಲೇ ಅದನ್ನು ಬರೆದಿಡು.

ರಾತ್ರಿಯೆಲ್ಲ ಕೂರಬೇಡ, ಪುಟ್ಟಿ. ನಿನ್ನ ದನಿ ಸೊರಗಿದೆ. ಚಟ್ನಿಪುಡಿ ಪಾರ್ಸೆಲ್ ಮಾಡಿದ್ದೇನೆ, ಅನ್ನಕ್ಕಾದರೂ ಕಲಸಿಕೋ. ಭಾನುವಾರ ವಿಡಿಯೋ ಕಾಲ್ ಮಾಡುವಾಗ ಒಂದು ಪುಸ್ತಕ ಹಿಡಿದುಕೊಂಡು ಕೂರು. ಅಪ್ಪ ಇನ್ನೂ 180 ಅಂತಲೇ ವಾದಿಸುತ್ತಿದ್ದಾರೆ.

ನಿನ್ನ,
ಅಮ್ಮ