ಹೊರಡುವ ಮುನ್ನ ಲೆಕ್ಕ ಚುಕ್ತಾ

ಮೆಲ್ಬೋರ್ನಿನ ಸದರ್ನ್ ಕ್ರಾಸ್ ನಿಲ್ದಾಣದಲ್ಲಿ ಸ್ವಾನ್ ಹಿಲ್ ರೈಲು ಹತ್ತುವಾಗ ಮಗಳ ಕೈಯಲ್ಲಿ ತಿಂಡಿಯ ಡಬ್ಬಿಯ ಜತೆಗೆ ಒಂದು ನೀಲಿ ಫೈಲೂ ಇತ್ತು. ಪ್ರವಾಸಕ್ಕೆ ಹೊರಟವರು ಕ್ಯಾಮೆರಾ ಹಿಡಿಯುತ್ತಾರೆ, ಇವಳೇಕೆ ಫೈಲು ಹಿಡಿದಿದ್ದಾಳೆ ಎಂದು ಕೇಳಿದೆ. 'ಅಪ್ಪಾ, ಈ ದೇಶದಿಂದ ನನಗೆ ಬರಬೇಕಾದ ದುಡ್ಡು ಇದರೊಳಗಿದೆ' ಎಂದಳು. ಎರಡು ವರ್ಷದ ಸ್ನಾತಕೋತ್ತರ ಓದು ಮುಗಿದಿತ್ತು. ಪದವಿ ಪ್ರದಾನ ನೋಡಲೆಂದು 2025ರ ಡಿಸೆಂಬರಿನಲ್ಲಿ ನಾನು ಹೋಗಿದ್ದೆ. ಇನ್ನು ಹತ್ತು ದಿನಕ್ಕೆ ಇಬ್ಬರೂ ದಾವಣಗೆರೆಗೆ ವಾಪಸು. ಅದಕ್ಕೆ ಮೊದಲು ಅವಳು ಒಂದು ಬೇಸಿಗೆ ದುಡಿದ ಊರನ್ನು ತೋರಿಸಬೇಕೆಂದು ಹಟ ಹಿಡಿದಿದ್ದಳು. ಆ ಊರು ಮಿಲ್ಡುರಾ.

ಮೆಲ್ಬೋರ್ನಿನಿಂದ ಮಿಲ್ಡುರಾಗೆ ಸುಮಾರು 540 ಕಿಲೋಮೀಟರ್. ಪ್ರಯಾಣಿಕರ ರೈಲು 1993ರಲ್ಲೇ ನಿಂತುಹೋಗಿದೆ. ಸ್ವಾನ್ ಹಿಲ್‌ವರೆಗೆ ರೈಲು, ಅಲ್ಲಿಂದ ಮುಂದೆ ಬಸ್ಸು. ಹಸಿರು ಮುಗಿದು ಗೋಧಿಯ ಒಣ ಬಯಲು ಶುರುವಾಗುತ್ತದೆ. ಮೈಲಿಗಟ್ಟಲೆ ಒಂದು ಮನೆಯೂ ಕಾಣದು. ಇನ್ನು ಇಲ್ಲೇನು ಬೆಳೆದೀತು ಎಂದುಕೊಳ್ಳುವಷ್ಟರಲ್ಲಿ ಮರ್ರೆ ನದಿಯ ನೀರು ಕುಡಿದ ದ್ರಾಕ್ಷಿ ತೋಟಗಳು ಸಾಲಾಗಿ ಎದುರಾಗುತ್ತವೆ. ಬಿಜಾಪುರದ ಸೀಮೆ ನೋಡಿದವರಿಗೆ ಈ ನೋಟ ಹೊಸದೆನಿಸದು.

ದ್ರಾಕ್ಷಿಯ ಊರು

ಈ ಊರನ್ನು ಕಟ್ಟಿದವರು ಜಾರ್ಜ್ ಮತ್ತು ವಿಲಿಯಂ ಚಾಫಿ ಎಂಬ ಕೆನಡಾದ ಸೋದರರು. ಕ್ಯಾಲಿಫೋರ್ನಿಯಾದಲ್ಲಿ ನೀರಾವರಿ ಮಾಡಿ ಹೆಸರಾದವರು, 1887ರಲ್ಲಿ ಇಲ್ಲಿ ಕಾಲುವೆ ತೋಡಿಸಿದರು. ಅಮೆರಿಕದ ರೂಢಿಯಂತೆ ಇಲ್ಲಿನ ಅಡ್ಡ ಬೀದಿಗಳಿಗೆ ಈಗಲೂ ಏಳನೆಯ ಬೀದಿ, ಹದಿನೈದನೆಯ ಬೀದಿ ಎಂದೇ ಹೆಸರು. ಮುಖ್ಯ ರಸ್ತೆ ಮಾತ್ರ ಡೀಕಿನ್ ಅವೆನ್ಯೂ. ಆಲ್ಫ್ರೆಡ್ ಡೀಕಿನ್ ಆಗ ವಿಕ್ಟೋರಿಯಾದ ಮಂತ್ರಿ, ಮುಂದೆ ಮೂರು ಬಾರಿ ಆಸ್ಟ್ರೇಲಿಯಾದ ಪ್ರಧಾನಿ. ನಮಗೂ ಈತನಿಗೂ ಒಂದು ನಂಟುಂಟು. 1890ರಲ್ಲಿ ಭಾರತಕ್ಕೆ ಬಂದು ನಮ್ಮ ಕಾಲುವೆಗಳನ್ನು ಕಂಡು, 1893ರಲ್ಲಿ ಭಾರತದ ನೀರಾವರಿಯ ಮೇಲೊಂದು ಪುಸ್ತಕವನ್ನೇ ಬರೆದ.

ಮಗಳು ಕೆಲಸ ಮಾಡಿದ್ದು 2025ರ ಜನವರಿ, ಫೆಬ್ರುವರಿಯಲ್ಲಿ. ತಿನ್ನುವ ದ್ರಾಕ್ಷಿಯ ಕೊಯ್ಲಿನ ಕಾಲ. ಕಾಲೇಜು ನಡೆಯುವಾಗ ವಿದ್ಯಾರ್ಥಿ ವೀಸಾದವರು ಹದಿನಾಲ್ಕು ದಿನಕ್ಕೆ 48 ಗಂಟೆ ಮಾತ್ರ ದುಡಿಯಬಹುದು. 2023ರ ಜುಲೈನಿಂದ ಬಂದ ಮಿತಿ ಇದು. ರಜೆಯಲ್ಲಿ ಈ ಕಟ್ಟುಪಾಡಿಲ್ಲ. ಹಣ್ಣು ಪ್ಯಾಕ್ ಮಾಡುವ ದೊಡ್ಡ ತಗಡಿನ ಶೆಡ್ಡಿನ ಮುಂದೆ ನಿಂತು, 'ಇಲ್ಲೇ ನಿಂತುಕೊಂಡು ದಿನಕ್ಕೆ ಎಂಟು ಗಂಟೆ' ಎಂದು ತೋರಿಸಿದಳು. ಹೊರಗೆ ನಲವತ್ತು ಡಿಗ್ರಿಯ ಹತ್ತಿರದ ಬಿಸಿಲು. ಊರಲ್ಲಿ ಒಂದು ಲೋಟ ತೊಳೆಯದಿದ್ದ ಹುಡುಗಿ! ನನಗೆ ಮಾತು ಹೊರಡಲಿಲ್ಲ.

ಅವಳ ಜತೆಗೆ ದುಡಿದವರಲ್ಲಿ ಫ್ರಾನ್ಸ್, ಇಟಲಿಯಿಂದ 'ವರ್ಕಿಂಗ್ ಹಾಲಿಡೇ' ವೀಸಾದಲ್ಲಿ ಬಂದ ಹುಡುಗರಿದ್ದರಂತೆ. ಟೊಂಗಾ, ವನುವಾಟು ಮುಂತಾದ ಪೆಸಿಫಿಕ್ ದ್ವೀಪಗಳಿಂದ ಸರ್ಕಾರಿ ಯೋಜನೆಯಡಿ ಬಂದ ಋತುಮಾನದ ಕೂಲಿಗಳೂ ಇದ್ದರು. ಎಲ್ಲರಿಗೂ ಒಂದೇ ದ್ರಾಕ್ಷಿ, ಆದರೆ ವೀಸಾಕ್ಕೊಂದು ತೆರಿಗೆಯ ಲೆಕ್ಕ.

ಸತ್ತವರ ಕೂಲಿ

ದ್ವೀಪದ ಕೂಲಿಗಳ ಮಾತು ಬಂದಾಗ ಒಂದು ಹಳೆಯ ಸಂಗತಿ ಹೇಳಲೇಬೇಕು. 1863ರಿಂದ 1904ರವರೆಗೆ ಕ್ವೀನ್ಸ್‌ಲ್ಯಾಂಡಿನ ಕಬ್ಬಿನ ತೋಟಗಳಿಗೆ ಸುಮಾರು 62,000 ಕರಾರುಗಳ ಮೇಲೆ ದ್ವೀಪವಾಸಿಗಳನ್ನು ತರಲಾಯಿತು. ಕೆಲವರನ್ನು ಮೋಸದಿಂದ, ಕೆಲವರನ್ನು ಬಲವಂತದಿಂದ. ಸಾವಿರಾರು ಜನ ಅಲ್ಲಿಯೇ ತೀರಿಕೊಂಡರು. ಅವರ ಬಾಕಿ ಕೂಲಿ ಊರಿನ ಮನೆಮಂದಿಗೆ ತಲುಪುವ ಬದಲು ಬಹುಪಾಲು ಸರ್ಕಾರದ ನಿಧಿಯಲ್ಲಿ ಉಳಿಯಿತು. 1901ರ ಬಿಳಿಯರ ಕಾನೂನುಗಳು ಬಂದ ಮೇಲೆ 1906ರಿಂದ ಉಳಿದವರನ್ನು ಹಡಗು ಹತ್ತಿಸಿ ಹಿಂದಕ್ಕೆ ಕಳಿಸಿದಾಗ, ಸತ್ತವರ ಆ ಕೂಲಿಯ ಒಂದು ಪಾಲನ್ನೇ ಹಡಗಿನ ಖರ್ಚಿಗೆ ಬಳಸಿದರು. ಆಗ ಪ್ರಧಾನಿ ನಮ್ಮ ಕಾಲುವೆಗಳನ್ನು ಮೆಚ್ಚಿದ ಅದೇ ಡೀಕಿನ್!

ಇಂದಿನ ವ್ಯವಸ್ಥೆ ಅಂಥದ್ದಲ್ಲ, ನಿಜ. ಆದರೆ ದುಡಿದವನು ಕೇಳದಿದ್ದರೆ ಅವನ ಹಣ ಅಲ್ಲಿಯೇ ಉಳಿಯುತ್ತದೆ ಎಂಬುದು ಮಾತ್ರ ಬದಲಾಗಿಲ್ಲ.

ತೆರಿಗೆ ಮರಳಿ ಬರುವುದೇಕೆ?

ಆ ರಾತ್ರಿ ಮಿಲ್ಡುರಾದ ಮೋಟೆಲಿನ ಮೇಜಿನ ಮೇಲೆ ಫೈಲು ಬಿಚ್ಚಿಕೊಂಡಿತು. ನಾನು ಬ್ಯಾಂಕಿನಲ್ಲಿ ಮೂವತ್ತು ವರ್ಷ ಕಳೆದವನು. ಆದರೂ ಮಗಳೇ ನನಗೆ ಪಾಠ ಹೇಳಿದಳು.

ಆಸ್ಟ್ರೇಲಿಯಾದ ತೆರಿಗೆ ವರ್ಷ ಜುಲೈ 1ರಿಂದ ಜೂನ್ 30. ಕೆಲಸಕ್ಕೆ ಸೇರುವ ಮೊದಲೇ ತೆರಿಗೆ ಕಚೇರಿಯಿಂದ 'ಟ್ಯಾಕ್ಸ್ ಫೈಲ್ ನಂಬರ್' ಪಡೆಯಬೇಕು, ಅದು ಉಚಿತ. ಆ ನಂಬರ್ ಕೊಡದಿದ್ದರೆ ಸಂಬಳದ ಅರ್ಧಕ್ಕೆ ಸಮೀಪದಷ್ಟು ಕಡಿತವಾಗಿಬಿಡುತ್ತದೆ. ಆರು ತಿಂಗಳಿಗಿಂತ ದೀರ್ಘವಾದ ಕೋರ್ಸಿಗೆ ಸೇರಿದ ವಿದ್ಯಾರ್ಥಿಯನ್ನು ತೆರಿಗೆಯ ಮಟ್ಟಿಗೆ ಸಾಮಾನ್ಯವಾಗಿ ಅಲ್ಲಿನ ನಿವಾಸಿ ಎಂದೇ ಪರಿಗಣಿಸುತ್ತಾರೆ. ನಿವಾಸಿಗೆ ವರ್ಷದ ಮೊದಲ 18,200 ಡಾಲರಿಗೆ ತೆರಿಗೆಯಿಲ್ಲ. ನಿವಾಸಿಯಲ್ಲದವನಿಗೆ ಈ ವಿನಾಯಿತಿಯೇ ಇಲ್ಲ. ವರ್ಕಿಂಗ್ ಹಾಲಿಡೇ ವೀಸಾದವರಿಗೆ ಮೊದಲ ಡಾಲರಿನಿಂದಲೇ ಶೇ 15.

ವಾರದ ಸಂಬಳದಲ್ಲಿ ತೆರಿಗೆ ಹಿಡಿಯುವಾಗ ಮಾಲೀಕ ಈ ವಾರದಂತೆಯೇ ವರ್ಷದ 52 ವಾರವೂ ದುಡಿಮೆ ಇರುತ್ತದೆ ಎಂದು ಲೆಕ್ಕ ಹಾಕುತ್ತಾನೆ. ನಡುವರ್ಷದಲ್ಲಿ ದೇಶ ಬಿಡುವವನಿಗೆ ಆ ದುಡಿಮೆ ಇರುವುದಿಲ್ಲ. ಹೆಚ್ಚಿಗೆ ಹಿಡಿದದ್ದು ವಾಪಸು ಬರಬೇಕು. ಸರಳವಾದ ನ್ಯಾಯ.

ಒಂದು ಲೆಕ್ಕ ನೋಡಿ. ಜುಲೈನಿಂದ ಡಿಸೆಂಬರ್‌ವರೆಗೆ ಒಬ್ಬ ವಿದ್ಯಾರ್ಥಿ 15,000 ಡಾಲರ್ ದುಡಿದ, ವಾರಕ್ಕೆ 40ರಂತೆ 26 ವಾರ ತೆರಿಗೆ ಹಿಡಿದರು ಎಂದಿಟ್ಟುಕೊಳ್ಳಿ. ಹಿಡಿದದ್ದು 1,040 ಡಾಲರ್. ನಡುವರ್ಷ ದೇಶ ಬಿಟ್ಟವನಿಗೆ ಪೂರ್ತಿ 18,200ರ ವಿನಾಯಿತಿ ಸಿಗದು. 13,464 ಡಾಲರ್ ಖಚಿತ, ಮಿಕ್ಕ 4,736ರಲ್ಲಿ ಅಲ್ಲಿದ್ದ ತಿಂಗಳುಗಳ ಪಾಲು. ಆರು ತಿಂಗಳಿಗೆ 2,368. ಒಟ್ಟು 15,832. ದುಡಿದದ್ದು ಅದಕ್ಕಿಂತ ಕಡಿಮೆಯಾದ್ದರಿಂದ ಕಟ್ಟಬೇಕಾದ ತೆರಿಗೆ ಸೊನ್ನೆ. 1,040 ಡಾಲರೂ ಅವನದೇ.

ಆದರೆ ರಿಟರ್ನ್ ಸಲ್ಲಿಸದೆ ಒಂದು ಡಾಲರೂ ಬಾರದು. ಜುಲೈನಿಂದ ಅಕ್ಟೋಬರ್ 31ರೊಳಗೆ ಊರಿನಲ್ಲಿ ಕುಳಿತೇ ಇದನ್ನು ಸಲ್ಲಿಸಬಹುದು. ಶಾಶ್ವತವಾಗಿ ಹೊರಡುವವರು ವರ್ಷ ಮುಗಿಯುವ ಮೊದಲೇ ಸಲ್ಲಿಸಲೂ ಅವಕಾಶವುಂಟು. ಮರುಪಾವತಿ ಅಲ್ಲಿನ ಬ್ಯಾಂಕ್ ಖಾತೆಗೇ ಬರುವುದರಿಂದ, ಹೊರಡುವ ಸಂಭ್ರಮದಲ್ಲಿ ಖಾತೆ ಮುಚ್ಚಿ ಬರಬಾರದು. ಸರ್ಕಾರದ ಜಾಲತಾಣದ ಗುಪ್ತ ಸಂಖ್ಯೆ ಅಲ್ಲಿನ ಮೊಬೈಲಿಗೆ ಬರುವಂತಿದ್ದರೆ ಅದನ್ನೂ ಹೊರಡುವ ಮೊದಲೇ ಸರಿಪಡಿಸಿಕೊಳ್ಳಬೇಕು.

ಇನ್ನೊಂದು ಬಾಬ್ತು ಮೆಡಿಕೇರ್. ಅಲ್ಲಿನ ಸಾರ್ವಜನಿಕ ಆರೋಗ್ಯ ಸೇವೆಗೆಂದು ಆದಾಯದ ಶೇ 2ರಷ್ಟು ಸುಂಕವಿದೆ. ಕಡಿಮೆ ಆದಾಯದವರಿಗೆ ಅದು ಬೀಳದು. ನಮ್ಮ ಮಕ್ಕಳು ಸ್ವಂತ ವಿಮೆ ಮಾಡಿಸಿಕೊಂಡೇ ಹೋಗುತ್ತಾರೆ, ಮೆಡಿಕೇರ್ ಅವರಿಗೆ ಸಿಗುವುದಿಲ್ಲ. ಸಿಗದ ಸೇವೆಗೆ ಸುಂಕವೇಕೆ? 'ಮೆಡಿಕೇರ್ ಎಂಟೈಟಲ್‌ಮೆಂಟ್ ಸ್ಟೇಟ್‌ಮೆಂಟ್' ಎಂಬ ಪತ್ರಕ್ಕೆ ಅರ್ಜಿ ಹಾಕಿ ಪಡೆದರೆ ವಿನಾಯಿತಿ ಕೇಳಬಹುದು.

ಅಲ್ಲಿಯ ಪಿಎಫ್

ತೆರಿಗೆಗಿಂತ ಹೆಚ್ಚು ಜನ ಮರೆತು ಬರುವುದು 'ಸೂಪರ್' ಹಣವನ್ನು. ನಮ್ಮ ಭವಿಷ್ಯ ನಿಧಿಯ ಹಾಗೆಯೇ ಇದು, ಆದರೆ ಕಡ್ಡಾಯ ವಂತಿಗೆ ಪೂರ್ತಿ ಮಾಲೀಕನದು. 2025ರ ಜುಲೈನಿಂದ ಸಂಬಳದ ಶೇ 12. ಮೊದಲು ತಿಂಗಳಿಗೆ 450 ಡಾಲರಿಗಿಂತ ಕಡಿಮೆ ದುಡಿದವರಿಗೆ ಕೊಡಬೇಕಿರಲಿಲ್ಲ. 2022ರ ಜುಲೈನಿಂದ ಆ ಮಿತಿ ಹೋಯಿತು. ಹೀಗಾಗಿ ವಾರಕ್ಕೆರಡು ದಿನ ಹೋಟೆಲಿನಲ್ಲಿ ತಟ್ಟೆ ತೊಳೆಯುವ ವಿದ್ಯಾರ್ಥಿಗೂ ಇದು ಹಕ್ಕು.

ತಾತ್ಕಾಲಿಕ ವೀಸಾದವರು ದೇಶ ಬಿಟ್ಟ ಮೇಲೆ ಇದನ್ನು ಹಿಂಪಡೆಯಬಹುದು. ದೇಶ ಬಿಟ್ಟರಷ್ಟೇ ಸಾಲದು, ವೀಸಾ ಅವಧಿಯೂ ಮುಗಿದಿರಬೇಕು ಇಲ್ಲವೇ ರದ್ದಾಗಿರಬೇಕು. ಮಗಳ ವೀಸಾ 2026ರ ಮಾರ್ಚ್ ಮಧ್ಯದವರೆಗೆ ಇತ್ತು, ಅಲ್ಲಿಯವರೆಗೆ ಕಾಯಬೇಕು. ಎರಡೂ ಆಗಿ ಆರು ತಿಂಗಳೊಳಗೆ ಕೇಳದಿದ್ದರೆ ನಿಧಿಯವರು ಹಣವನ್ನು ತೆರಿಗೆ ಕಚೇರಿಗೆ ದಾಟಿಸುತ್ತಾರೆ. ಆಮೇಲೂ ಅಲ್ಲಿ ಕೇಳಿ ಪಡೆಯಬಹುದು. ಆನ್‌ಲೈನ್ ಅರ್ಜಿಗೆ ಶುಲ್ಕವಿಲ್ಲ. ಕಮಿಷನ್ ಕೇಳುವ ಮಧ್ಯವರ್ತಿ ಬೇಕಿಲ್ಲ.

ಪೂರ್ತಿ ಹಣ ಬರುತ್ತದೆಂದು ಮಾತ್ರ ಭ್ರಮಿಸಬಾರದು. 15,000 ಡಾಲರಿಗೆ ಸೂಪರ್ 1,800. ನಿಧಿಗೆ ಹೋಗುವಾಗಲೇ ಶೇ 15 ಕಳೆದು 1,530. ಹಿಂಪಡೆಯುವಾಗ ಶೇ 35 ತೆರಿಗೆ. ನಿರ್ವಹಣಾ ಶುಲ್ಕ ಬಿಟ್ಟರೆ ಕೈಗೆ ಸುಮಾರು 994. ವರ್ಕಿಂಗ್ ಹಾಲಿಡೇ ವೀಸಾದವರಿಗೆ 2017ರ ಜುಲೈನಿಂದ ಈ ತೆರಿಗೆ ಶೇ 65! ಅಂದರೆ ಅದೇ ಶೆಡ್ಡಿನಲ್ಲಿ ಅದೇ ದ್ರಾಕ್ಷಿ ತುಂಬಿದ ಫ್ರೆಂಚ್ ಹುಡುಗನಿಗೆ 535 ಡಾಲರ್ ಮಾತ್ರ. 2024ರಿಂದ ಭಾರತದ 18ರಿಂದ 30 ವಯಸ್ಸಿನವರಿಗೂ ಇಂಥದೊಂದು ವೀಸಾ ಲಾಟರಿಯ ಮೂಲಕ ವರ್ಷಕ್ಕೆ 1,000ದಂತೆ ತೆರೆದಿದೆ. ಅದಕ್ಕೆ ಅರ್ಜಿ ಹಾಕುವ ಹುಡುಗರು ಈ ಲೆಕ್ಕವನ್ನು ಮೊದಲೇ ತಿಳಿದಿರುವುದು ಮೇಲು.

ಚೀಟಿಯಿಲ್ಲದ ಸಂಬಳ

ಮೆಲ್ಬೋರ್ನಿಗೆ ಮರಳಿದ ಸಂಜೆ ಮಗಳ ಸಹಪಾಠಿಯೊಬ್ಬ ಊಟಕ್ಕೆ ಬಂದ. ನಮ್ಮ ಕಡೆಯವನೇ, ರೈತರ ಮಗ. ಎರಡು ವರ್ಷ ಒಂದು ಉಪಾಹಾರ ಗೃಹದಲ್ಲಿ ದುಡಿದಿದ್ದಾನೆ. ಫೈಲು ನೋಡಿ, 'ನನಗೆಷ್ಟು ಬರಬಹುದು ಅಂಕಲ್?' ಎಂದ. ಸಂಬಳದ ಚೀಟಿ ಎಲ್ಲಪ್ಪಾ ಎಂದೆ. ಇಲ್ಲ. ಗಂಟೆಗೆ 14 ಡಾಲರಿನಂತೆ ವಾರಕ್ಕೊಮ್ಮೆ ಕೈಗೆ ನಗದು. ತೆರಿಗೆ ಹಿಡಿಯುವುದಿಲ್ಲ, ಪೂರ್ತಿ ನಿನಗೇ ಎಂದು ಮಾಲೀಕ ಉಪಕಾರದಂತೆ ಹೇಳಿದ್ದನಂತೆ.

2025ರ ಜುಲೈನಿಂದ ಅಲ್ಲಿನ ಕನಿಷ್ಠ ವೇತನ ಗಂಟೆಗೆ 24.95 ಡಾಲರ್. ಕಾಯಂ ಅಲ್ಲದವರಿಗೆ ಅದರ ಮೇಲೆ ಕಾಲು ಪಾಲು ಹೆಚ್ಚು. ಹುಡುಗ ಕಳೆದುಕೊಂಡದ್ದು ಅರ್ಧಕ್ಕಿಂತ ಹೆಚ್ಚು ಕೂಲಿ, ಜತೆಗೆ ಸೂಪರ್. ಅವನ ಮುಖ ಸಣ್ಣದಾಯಿತು. 'ದೂರು ಕೊಟ್ಟರೆ ವೀಸಾಗೆ ತೊಂದರೆ ಆಗೋದಿಲ್ವಾ?' ಅವನನ್ನು ಬಾಯಿ ಮುಚ್ಚಿಸಿದ್ದು ಈ ಭಯವೇ.

ಮಗಳು ವಿವರಿಸಿದಳು. ಕೂಲಿಯ ದೂರಿಗೆ 'ಫೇರ್ ವರ್ಕ್ ಓಂಬುಡ್ಸ್‌ಮನ್' ಇದೆ, ಸೂಪರ್ ಕಟ್ಟದ ದೂರು ತೆರಿಗೆ ಕಚೇರಿಗೆ. ಶೋಷಣೆಯ ದೂರು ಕೊಟ್ಟವರ ವೀಸಾಗೆ ರಕ್ಷಣೆ ನೀಡುವ ಪ್ರಾಯೋಗಿಕ ವ್ಯವಸ್ಥೆಯೊಂದು 2024ರ ಜುಲೈನಲ್ಲಿ ಶುರುವಾಗಿದೆ. ಸಂಬಳವಾದ ಒಂದು ಕೆಲಸದ ದಿನದೊಳಗೆ ಚೀಟಿ ಕೊಡುವುದು ಮಾಲೀಕನ ಕರ್ತವ್ಯ. ಅದು ಕೊಡದವನ ತಪ್ಪು. ಹುಡುಗ ತಡೆದು ತಡೆದು ಹೇಳಿದ, ಯಾವ ದಿನ ಎಷ್ಟು ಗಂಟೆ ಎಂದು ಫೋನಿನಲ್ಲಿ ಬರೆದಿಟ್ಟಿದ್ದೇನೆ ಎಂದು. ಅಪ್ಪನಿಗೆ ಹಾಲಿನ ಡೈರಿಯ ಲೆಕ್ಕ ಬರೆದು ರೂಢಿಯಂತೆ. ಆ ರೂಢಿಯೇ ಈಗ ಅವನ ಸಾಕ್ಷಿ. ರಾತ್ರಿ ಹನ್ನೊಂದರವರೆಗೆ ಇಬ್ಬರೂ ಕುಳಿತು ದೂರಿನ ಅರ್ಜಿ ತುಂಬಿದರು.

ಕೊನೆಯ ಕೌಂಟರು

ಹೊರಡುವ ದಿನ ವಿಮಾನ ನಿಲ್ದಾಣದಲ್ಲಿ ಇನ್ನೊಂದು ಸಾಲು. ಒಂದೇ ವ್ಯಾಪಾರಿಯಿಂದ 300 ಡಾಲರ್ ಅಥವಾ ಹೆಚ್ಚಿನ ಸಾಮಾನನ್ನು ಹೊರಡುವ ಮೊದಲ 60 ದಿನಗಳೊಳಗೆ ಕೊಂಡಿದ್ದರೆ ಅದರ ಮೇಲಿನ ಶೇ 10 ಜಿಎಸ್‌ಟಿ ಮರಳಿಸುತ್ತಾರೆ. ಬಿಲ್ಲು ಬೇಕು, ಸಾಮಾನು ಕೈಚೀಲದಲ್ಲಿ ತೋರಿಸುವಂತಿರಬೇಕು. ಅವಳು ಹೊಸದಾಗಿ ಕೊಂಡಿದ್ದ 1,100 ಡಾಲರಿನ ಲ್ಯಾಪ್‌ಟಾಪಿಗೆ 100 ಡಾಲರ್. ನಮ್ಮ ಮುಂದಿದ್ದ ದಂಪತಿ ಸಾಮಾನನ್ನೆಲ್ಲ ದೊಡ್ಡ ಪೆಟ್ಟಿಗೆಗೆ ಹಾಕಿ ಕಳಿಸಿಬಿಟ್ಟು ಬರೀ ಬಿಲ್ಲು ಹಿಡಿದು ಪೆಚ್ಚಾಗಿ ನಿಂತಿದ್ದರು.

ಈಗ ನೀಲಿ ಫೈಲು ನಮ್ಮ ಮನೆಯ ಗಾಡ್ರೆಜ್ ಬೀರುವಿನಲ್ಲಿ, ಶಿಕ್ಷಣ ಸಾಲದ ಕಾಗದಗಳ ಪಕ್ಕದಲ್ಲಿದೆ. ಕ್ಯಾಲೆಂಡರಿನಲ್ಲಿ ಅವಳು ಮೂರು ಗುರುತು ಹಾಕಿದ್ದಾಳೆ. ಮಾರ್ಚ್‌ನಲ್ಲಿ ವೀಸಾ ಮುಗಿಯುವ ದಿನ ಒಂದು, ಜುಲೈ 1ಕ್ಕೆ ಒಂದು, ಅಕ್ಟೋಬರ್ 31ಕ್ಕೆ ಒಂದು. ಬಂದ ಹಣವೆಲ್ಲ ಸಾಲಕ್ಕೆ ಎಂದು ಅವಳೇ ಹೇಳಿದ್ದಾಳೆ. ದೊಡ್ಡ ಮೊತ್ತವೇನಲ್ಲ, ಕೆಲವು ಕಂತುಗಳಾದಾವು.

ಮಕ್ಕಳನ್ನು ಹೊರದೇಶಕ್ಕೆ ಕಳಿಸುವ ತಾಯಿ ತಂದೆಯರು ಉಪ್ಪಿನಕಾಯಿ, ಚಟ್ನಿಪುಡಿ, ಸ್ವೆಟರು ಎಲ್ಲವನ್ನೂ ನೆನಪಿನಿಂದ ಕಟ್ಟಿಕೊಡುತ್ತೇವೆ. ಜತೆಗೊಂದು ಖಾಲಿ ಫೈಲನ್ನೂ ಇಡೋಣ, ಮೊದಲ ವಾರದ ಸಂಬಳದ ಚೀಟಿಯಿಂದಲೇ ಅದು ತುಂಬಲು ಶುರುವಾಗಲಿ.