ಎಸ್.ಪಿ. ರಸ್ತೆಯಲ್ಲಿ ಒಂದು ಮಧ್ಯಾಹ್ನ

ಬೆಂಗಳೂರಿನ ಪುರಭವನದಿಂದ ಹತ್ತು ನಿಮಿಷ ನಡೆದರೆ ಸಾದರ ಪತ್ರಪ್ಪ ರಸ್ತೆ. ಜನರ ಬಾಯಲ್ಲಿ ಬರಿಯ ಎಸ್.ಪಿ. ರೋಡು. ತಂತಿಯ ಸುರುಳಿ, ತಿರುಪು, ಕಂಪ್ಯೂಟರಿನ ಸಕಲ ಅಂಗಾಂಗಗಳೂ ಆ ಇಕ್ಕಟ್ಟಿನ ಬೀದಿಯಲ್ಲುಂಟು.

ನಾನು ಹೋದದ್ದು ಒಂದು ಎಸ್.ಎಂ.ಪಿ.ಎಸ್.ಗಾಗಿ. ಮನೆಯ 230 ವೋಲ್ಟಿನ ವಿದ್ಯುತ್ತನ್ನು 12, 5, 3.3 ವೋಲ್ಟುಗಳಿಗೆ ಇಳಿಸಿ ಕಂಪ್ಯೂಟರಿಗೆ ಉಣಿಸುವ ಲೋಹದ ಡಬ್ಬಿ ಅದು. ಹಿಂದಿನ ಸಲ ಅಗ್ಗದ್ದನ್ನು ಕೊಂಡಿದ್ದೆ. ಸುಟ್ಟಾಗ ಅದು ಒಂಟಿಯಾಗಿ ಹೋಗಲಿಲ್ಲ. ಹಳ್ಳಿಯ ಮೂವರು ಅಜ್ಜಿಯರು ಹಾಡಿದ ಬೀಸುವ ಪದಗಳನ್ನು ತುಂಬಿಟ್ಟಿದ್ದ ಹಾರ್ಡ್ ಡಿಸ್ಕನ್ನೂ ಜೊತೆಗೆ ಕರೆದೊಯ್ದಿತು. ಹಾಡಿದವರಲ್ಲಿ ಇಬ್ಬರು ಈಗಿಲ್ಲ.

ವೃದ್ಧ ವ್ಯಾಪಾರಿಯೊಬ್ಬರು ನನ್ನ ಎರಡು ಕೈಗಳಲ್ಲಿ ಎರಡು ಡಬ್ಬಿಗಳನ್ನಿಟ್ಟು, “ತೂಗಿ ನೋಡಿ ಸ್ವಾಮಿ” ಎಂದರು. ಎರಡರ ಮೇಲೂ 450 ವಾಟ್ ಎಂದೇ ಬರೆದಿತ್ತು. ಒಂದು ಮಾತ್ರ ಹಪ್ಪಳದಂತೆ ಹಗುರ! ಮುಚ್ಚಳ ಬಿಚ್ಚಿಟ್ಟಿದ್ದ ಅಂಥದೇ ಇನ್ನೊಂದನ್ನು ತೋರಿಸಿದರು. ಪುಟ್ಟ ಟ್ರಾನ್ಸ್‌ಫಾರ್ಮರು, ಶಾಖ ಹೀರಲು ತೆಳ್ಳನೆಯ ತಗಡು. ಶೋಧಕ ಸುರುಳಿಗಳಿರಬೇಕಾದಲ್ಲಿ ಬರಿಯ ತಂತಿಯ ತುಂಡು. ಭಾರವಾದದ್ದರಲ್ಲಿ 105 ಡಿಗ್ರಿ ತಾಳುವ ಕೆಪಾಸಿಟರುಗಳು, ವೋಲ್ಟೇಜು ಮಿತಿಮೀರಿದೊಡನೆ ತಾನೇ ನಿಂತುಬಿಡುವ ಏರ್ಪಾಡು, ಮೇಲೆ ‘80 ಪ್ಲಸ್’ ಮುದ್ರೆ. 2004ರಲ್ಲಿ ಮೊದಲಾದ ಆ ಮುದ್ರೆ ಹೇಳುವುದು ವಿದ್ಯುತ್ತಿನ ಮಿತವ್ಯಯವನ್ನು ಮಾತ್ರ, ಸುರಕ್ಷತೆಯನ್ನಲ್ಲ.

“ಹಾಗಾದರೆ ತೂಕವನ್ನೇ ನಂಬಬಹುದೇ?”

“ಕಬ್ಬಿಣದ ತುಂಡು ಸೇರಿಸಿ ಭಾರ ಮಾಡುವವರೂ ಇದ್ದಾರೆ” ಎಂದು ಅವರು ನಕ್ಕರು.

ಮೂರರಷ್ಟು ಬೆಲೆ ತೆತ್ತೆ. ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿರಿಸಿಕೊಂಡು, ಉಳಿದಿರುವ ಅಜ್ಜಿಯ ಊರಿಗೆ ಯಾವ ಭಾನುವಾರ ಹೋಗಲೆಂದು ಲೆಕ್ಕ ಹಾಕುತ್ತ ಕುಳಿತೆ.